ಮಿದುಳಿನ ಗಾಯಕ್ಕೆ ಮುದ್ರಿತ ರೂಪ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಜನರು ಲಕ್ವಾ ಎಂದು ಕರೆಯುವ ಪಾರ್ಶ್ವವಾಯುವು ಕೈಕಾಲುಗಳಲ್ಲಿ ತೋರಿಬರುವ ವ್ಯಾಧಿಯಾದರೂ ಅದರ ಮೂಲವಿರುವುದು ಕಪಾಲದೊಳಗೆ. ಕಣ್ಣಿಗೆ ಬೀಳದ ಆ ಮೂಲವನ್ನು ಪ್ರತ್ಯಕ್ಷಗೊಳಿಸುವ ಪ್ರಯತ್ನಗಳ ಪರಂಪರೆಯೇ ಈ ವ್ಯಾಧಿಯ ಬೋಧನೆಯ ಚರಿತ್ರೆ.

ಹಠಾತ್ತನೆ ಕುಸಿದು ಮೃತರಾದವರ ಮಿದುಳುಗಳನ್ನು ಪರೀಕ್ಷಿಸಿ ಅವುಗಳಲ್ಲಿ ರಕ್ತಸ್ರಾವವಾಗಿದ್ದುದನ್ನು ಸ್ವಿಟ್ಜರ್‌ಲೆಂಡಿನ ವೆಪ್ಫರ್ 1658ರಲ್ಲಿ ಪ್ರಕಟಿಸಿದನು. 1664ರಲ್ಲಿ ಇಂಗ್ಲೆಂಡಿನ ವಿಲ್ಲಿಸ್ ಮಿದುಳಿನ ತಳದ ರಕ್ತನಾಳಗಳ ವರ್ತುಲವನ್ನು ವರ್ಣಿಸಿದನು. 1861ರಲ್ಲಿ ಫ್ರಾನ್ಸಿನ ಬ್ರೋಕಾ, ವಾಕ್ಶಕ್ತಿಯನ್ನು ಕಳೆದುಕೊಂಡಿದ್ದ ರೋಗಿಯ ಎಡಮಿದುಳಿನ ಮುಂಭಾಗದಲ್ಲಿ ಹಾನಿಯನ್ನು ಗುರುತಿಸಿದನು. ಹದಿನೆಂಟನೆಯ ಶತಮಾನದ ಫ್ಲಾರೆನ್ಸಿನಲ್ಲಿ ರೂಪುಗೊಂಡ ಮೇಣದ ಅಂಗಪ್ರತಿಮೆಗಳು ಎಷ್ಟೇ ಮನೋಹರವಾಗಿದ್ದರೂ ಅವಕ್ಕೂ ಶವಚ್ಛೇದನವೇ ಆಧಾರ. ನಮ್ಮ ರಾಜ್ಯದಲ್ಲಿ ವಾರಸುದಾರರಿಲ್ಲದ ಶವಗಳನ್ನು ವೈದ್ಯಶಿಕ್ಷಣಕ್ಕೆ ಒದಗಿಸುವ ಕಾಯಿದೆ 1957ರಲ್ಲಿ ಬಂದಿತು. 1963ರಲ್ಲಿ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಿದುಳು ಸಂಗ್ರಹಾಲಯವು ರೋಗಪೀಡಿತ ಮಿದುಳುಗಳನ್ನು ಸಾಮಾನ್ಯರ ಕಣ್ಣೆದುರಿಗೂ ತಂದಿತು.

ಜೀವಂತ ರೋಗಿಯ ಮಿದುಳನ್ನು ನೋಡಲು ದಾರಿ ತೆರೆದುದು 1971ರಲ್ಲಿ, ಸಿ.ಟಿ. ಸ್ಕ್ಯಾನಿನಿಂದ. ಅಮೆರಿಕದ ಚಾರ್ಲ್ಸ್ ಹಲ್ 1986ರಲ್ಲಿ ಸ್ವಾಮ್ಯಪತ್ರ ಪಡೆದ ವಿಧಾನದಿಂದ, ಗಣಕದಲ್ಲಿರುವ ಆಕೃತಿಯನ್ನು ಘನವಸ್ತುವಾಗಿ ಮುದ್ರಿಸುವುದು ಶಕ್ಯವಾಯಿತು. ಸ್ಕ್ಯಾನಿನ ಚಿತ್ರಗಳಲ್ಲಿ ಮಿದುಳು, ರಕ್ತನಾಳ, ಹಾನಿಗೊಂಡ ಭಾಗಗಳನ್ನು ಪ್ರತ್ಯೇಕವಾಗಿ ಗುರುತಿಸಿದ ಮೇಲೆ, ಶಹಾಬಾದಿನ ಫರಸಿ ಕಲ್ಲು ಪದರದ ಮೇಲೆ ಪದರವಾಗಿ ಕೂಡಿರುವಂತೆ, ಯಂತ್ರವು ಪ್ರತಿಕೃತಿಯನ್ನು ಕಟ್ಟುತ್ತದೆ. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯವು 2014ರಲ್ಲಿ ಇಂಥ ವರ್ಣಮಯ ಅಂಗಪ್ರತಿಕೃತಿಗಳ ಮಾಲೆಯನ್ನು ಪ್ರಕಟಿಸಿತು.

ಈ ಪ್ರತಿಕೃತಿಗಳ ಮಹತ್ತ್ವವು ಅವುಗಳ ನೈಜತೆಯಲ್ಲಿ ಮಾತ್ರವಲ್ಲ, ಕಾಲವನ್ನು ತೋರಿಸುವ ಸಾಮರ್ಥ್ಯದಲ್ಲಿಯೂ ಇದೆ. ರಕ್ತನಾಳವು ಮುಚ್ಚಿಹೋದಾಗ ಅಲ್ಪಭಾಗವು ಬೇಗನೆ ನಾಶವಾಗುತ್ತದೆ. ಅದರ ಸುತ್ತಲಿನ ಅಂಗಾಂಶವು ಕೆಲವು ಗಂಟೆಗಳ ಕಾಲ ಬದುಕಿನ ಅಂಚಿನಲ್ಲಿರುತ್ತದೆ. ನಾಶವಾದುದಕ್ಕೆ ಒಂದು ಬಣ್ಣ, ಉಳಿಸಿಕೊಳ್ಳಬಹುದಾದುದಕ್ಕೆ ಮತ್ತೊಂದು ಬಣ್ಣ ಕೊಟ್ಟು ಒಂದೇ ಮಿದುಳಿನ ಹಲವು ಘಟ್ಟಗಳನ್ನು ಸಾಲಾಗಿ ಮುದ್ರಿಸಿಟ್ಟರೆ, ವಿಳಂಬದ ಬೆಲೆಯೇನೆಂಬುದು ಅಕ್ಷರವರಿಯದವರ ಕೈಗೂ ತಿಳಿಯುತ್ತದೆ. ಗಡುಸಾದ ಪ್ಲಾಸ್ಟಿಕ್ಕು ಮಿದುಳಿನ ಮಾರ್ದವವನ್ನು ಅನುಕರಿಸಲಾರದಾದ್ದರಿಂದ ವೈದ್ಯವಿದ್ಯಾರ್ಥಿಗೆ ಶವಚ್ಛೇದನವು ಅನಿವಾರ್ಯವೇ. ಗೃಹಸ್ಥನಿಗೆ ಮಾತ್ರ ಇಷ್ಟು ಸಾಕು.

ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅದಕ್ಕೂ ಮೊದಲು, ಮಿದುಳಿನಲ್ಲಿ ರಕ್ತಸ್ರಾವವಿಲ್ಲವೆಂದು ಸ್ಕ್ಯಾನಿನಿಂದ ಖಚಿತಪಡಿಸಿಕೊಳ್ಳಬೇಕು. ಬಾಯಿ ಸೊಟ್ಟಗಾದವನಿಗೆ ಎಣ್ಣೆ ತಿಕ್ಕುತ್ತ ಕುಳಿತರೆ, ಚಿಂಚೋಳಿಯ ಗಡಿಗ್ರಾಮದಿಂದ ಕಲಬುರಗಿಯ ಆಸ್ಪತ್ರೆಗೆ ಸಾಗುವಷ್ಟರಲ್ಲಿ ಆ ಅವಧಿಯೇ ತೀರಿಹೋದೀತು. ಆದುದರಿಂದ ಇಂಥ ಪ್ರತಿಕೃತಿಗಳು ಕಾಲೇಜಿನ ಕಪಾಟುಗಳಲ್ಲಿಯೇ ಉಳಿಯಬಾರದು. ತಾಲೂಕು ಆಸ್ಪತ್ರೆಗಳಿಗೆ, ಪ್ರೌಢಶಾಲೆಗಳಿಗೆ, ವಾಡಿಯ ಸಿಮೆಂಟು ಕಾರ್ಮಿಕರ ಬಳಿಗೆ, ಆಶಾ ಕಾರ್ಯಕರ್ತೆಯರ ಕೈಗೆ ಅವು ತಲುಪಬೇಕು. ಮೂರೂವರೆ ಶತಮಾನಗಳಲ್ಲಿ ಸಂಪಾದಿಸಿದ ಜ್ಞಾನವು ರೋಗಿಯ ಮನೆಯವರ ನಿರ್ಧಾರವನ್ನು ತ್ವರಿತಗೊಳಿಸಿದಾಗಲೇ ಸಾರ್ಥಕವೆನಿಸುವುದು.