ಕ್ಲೋಸ್‌ಪೇಟೆ: ಒಂದು ಐರಿಷ್ ಹೆಸರಿನ ಚರಿತ್ರೆ

ಸ್ಥಳನಾಮಗಳು ಚರಿತ್ರೆಗೆ ಶಾಸನಗಳಷ್ಟೇ ಸಾಕ್ಷಿಯಾಗಬಲ್ಲವು. ಆದರೆ ಶಾಸನದ ಅಕ್ಷರವು ಕಲ್ಲಿನಲ್ಲಿ ನಿಲ್ಲುವುದು; ಸ್ಥಳನಾಮವಾದರೋ ಆಳುವವರು ಬದಲಾದಂತೆ ತಾನೂ ಬದಲಾಗುವುದುಂಟು. ಅರ್ಕಾವತಿಯ ದಡದಲ್ಲಿರುವ ರಾಮನಗರವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಅದಕ್ಕೆ ಶಂಸೇರಾಬಾದೆಂಬ ಹೆಸರಿದ್ದಿತೆಂದು ಹೇಳುವರು. ಕ್ರಿ.ಶ. 1800ರಿಂದ ಸುಮಾರು ಒಂದೂವರೆ ಶತಮಾನ ಅದು ಕ್ಲೋಸ್‌ಪೇಟೆಯೆನಿಸಿತ್ತು. ಈ ನಡುವಣ ಹೆಸರಿನ ಮೂಲವು ಐರ್ಲೆಂಡಿನಲ್ಲಿರುವುದೆಂಬ ಸಂಗತಿ ಬಹುಮಂದಿಗೆ ತಿಳಿಯದು.

18ನೆಯ ಶತಮಾನದ ಕೊನೆಯ ದಶಕದಲ್ಲಿ ಈ ಸೀಮೆಯು ದಂಡಿನ ಹಾದಿಯಾಗಿತ್ತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆಯು ಮಾಗಡಿಯ ಬಳಿಯ ಸಾವನದುರ್ಗವನ್ನು ಹಿಡಿಯಿತು. ರಾಮಗಿರಿಯೂ ಅದರ ವಶವಾಯಿತು. 1799ರಲ್ಲಿ ಜನರಲ್ ಹ್ಯಾರಿಸನ ದಂಡು ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ನಡೆಯಿತು. ಆ ದಂಡಿನ ಅಡ್ಜುಟೆಂಟ್ ಜನರಲನಾಗಿದ್ದವನೇ ಬ್ಯಾರಿ ಕ್ಲೋಸ್. ಈತನು ಐರ್ಲೆಂಡಿನ ಆರ್ಮಾ ಸೀಮೆಯ ಎಲ್ಮ್ ಪಾರ್ಕಿನ ಮ್ಯಾಕ್ಸ್‌ವೆಲ್ ಕ್ಲೋಸನ ಮೂರನೆಯ ಮಗ. ಟಿಪ್ಪುವಿನ ಪತನಾನಂತರ ಮೈಸೂರಿನ ವ್ಯವಸ್ಥೆಗಾಗಿ ನೇಮಕವಾದ ಐವರು ಕಮಿಷನರುಗಳಲ್ಲಿ ಈತನೂ ಒಬ್ಬನು. ಆರ್ಥರ್ ಮತ್ತು ಹೆನ್ರಿ ವೆಲ್ಲೆಸ್ಲಿ ಸಹೋದರರೂ ಆ ಐವರಲ್ಲಿದ್ದರು. ಅವರದೂ ಐರ್ಲೆಂಡಿನ ಮನೆತನವೇ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದ ಮೇಲೆ ಕ್ಲೋಸನು ಮೈಸೂರಿನ ರೆಸಿಡೆಂಟನಾದನು.

ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಣ ಹೆದ್ದಾರಿಯು ಇಲ್ಲಿ ಕಾಡುಬೆಟ್ಟಗಳೊಳಗೆ ಹಾಯ್ದಿದ್ದಿತು. ದಾರಿಗರಿಗೆ ಭಯವಿಲ್ಲದಂತೆ ದಿವಾನ್ ಪೂರ್ಣಯ್ಯನು 1800ರಲ್ಲಿ ಹೊಸ ಪೇಟೆಯೊಂದನ್ನು ಕಟ್ಟಿಸಿ ಅದಕ್ಕೆ ರೆಸಿಡೆಂಟನ ಹೆಸರನ್ನಿಟ್ಟನು. ಆದುದರಿಂದ ಇದು ಗೆದ್ದವನು ತಾನಾಗಿ ಹೊರಿಸಿದ ಹೆಸರಲ್ಲ. ನಾಡಿನ ದಿವಾನನು ರಾಜಕಾರ್ಯದ ಮರ್ಯಾದೆಯಿಂದ ಕೊಟ್ಟ ಹೆಸರು. ಮರುವರ್ಷವೇ ಕ್ಲೋಸನು ಪುಣೆಯ ರೆಸಿಡೆಂಟನಾಗಿ ಹೋದನು. 1802ರ ಕೊನೆಯಲ್ಲಿ ಪೇಶ್ವೆಯೊಡನೆ ವಸಾಯಿ ಒಪ್ಪಂದವನ್ನು ನಡೆಸಿದನು. 1812ರಲ್ಲಿ ಬ್ಯಾರೊನೆಟ್ ಪದವಿ ಬಂದಿತು; 1813ರಲ್ಲಿ ಆತನು ತೀರಿಕೊಂಡಾಗ ಉತ್ತರಾಧಿಕಾರಿಯಿಲ್ಲದೆ ಅದು ಅಲ್ಲಿಗೇ ಮುಗಿಯಿತು. ಸ್ವದೇಶದಲ್ಲಿ ನಿಲ್ಲದ ಪದವಿಗಿಂತ ಪರದೇಶದ ಪೇಟೆಯಲ್ಲಿ ಆತನ ಹೆಸರು ಹೆಚ್ಚು ಕಾಲ ಬಾಳಿತು.

ಇಲ್ಲೊಂದು ವಿಪರ್ಯಾಸವಿದೆ. ಕ್ಲೋಸನ ಹೆಸರು ಇಲ್ಲಿ ಬೇರೂರಿದ ಕಾಲದಲ್ಲಿಯೇ, 1801ರಲ್ಲಿ, ಐರ್ಲೆಂಡು ತನ್ನ ಪಾರ್ಲಿಮೆಂಟನ್ನು ಕಳೆದುಕೊಂಡು ಬ್ರಿಟನ್ನಿನೊಳಗೆ ಸೇರಿಹೋಯಿತು. ಪರಾಧೀನವಾದ ನಾಡಿನ ಮಕ್ಕಳೇ ಪರನಾಡನ್ನು ಅಧೀನಪಡಿಸಲು ನೆರವಾದರು. ಮುಂದೆ ಐರಿಷ್ ಜನರು ತಮ್ಮ ಊರುಗಳಿಂದ ಪರರ ಹೆಸರನ್ನು ತೆಗೆದರು: 1920ರಲ್ಲಿ ಕಿಂಗ್ಸ್‌ಟೌನು ಡನ್ ಲೀರಿಯಾಯಿತು; 1929ರಲ್ಲಿ ಮೇರಿಬರೊ ಪೋರ್ಟ್‌ಲೀಷಾಯಿತು. ಅದೇ ನ್ಯಾಯದಿಂದ ಸ್ವಾತಂತ್ರ್ಯಾನಂತರ ಒಬ್ಬ ಐರಿಷನ ಹೆಸರೇ ಇಲ್ಲಿ ಅಳಿದು, ರಾಮಗಿರಿಯ ನೆನಪಿನ ರಾಮನಗರವು ಉಳಿಯಿತು. ಕೆಂಗಲ್ ಹನುಮಂತಯ್ಯನವರು ಇದಕ್ಕೆ ಕಾರಣರೆಂಬುದು ಪ್ರಸಿದ್ಧವಾಗಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಕೂಡಿ 2007ರಲ್ಲಿ ರಾಮನಗರ ಜಿಲ್ಲೆಯಾದುವು; 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದರೂ ಪಟ್ಟಣದ ಹೆಸರು ಹಾಗೆಯೇ ಇದೆ.

ಆದರೂ ಹಳೆಯ ಹೆಸರು ಒಂದೆಡೆ ಅಳಿಯದೆ ನಿಂತಿದೆ. ಮಾಗಡಿ, ರಾಮನಗರ, ಕನಕಪುರಗಳ ಬೆಟ್ಟಸಾಲಿನ ಶಿಲೆಯನ್ನು ಭೂಗರ್ಭಶಾಸ್ತ್ರಜ್ಞರು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟೆಂದೇ ಕರೆಯುವರು. ಸುಮಾರು 250 ಕೋಟಿ ವರ್ಷಗಳ ಕಲ್ಲಿಗೆ ಒಂದೆರಡು ವರ್ಷ ಮೈಸೂರಿನಲ್ಲಿದ್ದ ಅಧಿಕಾರಿಯ ಹೆಸರು!

ಊರಿಗೆ ತನ್ನ ಹೆಸರು ಮರಳಿದುದು ಯುಕ್ತವೇ. ಆದರೆ ಹೆಸರನ್ನು ತೆಗೆಯುವುದು ಬೇರೆ, ಅದರ ವೃತ್ತಾಂತವನ್ನು ಮರೆಯುವುದು ಬೇರೆ. ಒಂದೂವರೆ ಶತಮಾನದ ಗೆಜೆಟಿಯರುಗಳಲ್ಲಿಯೂ ಕಾಗದಪತ್ರಗಳಲ್ಲಿಯೂ ಈ ಊರು ಕ್ಲೋಸ್‌ಪೇಟೆಯೇ ಆಗಿದೆ. ಆ ಹೆಸರನ್ನರಿಯದ ವಿದ್ಯಾರ್ಥಿಯು ತನ್ನ ಊರಿನ ಚರಿತ್ರೆಯನ್ನೇ ಗುರುತಿಸದೆ ಪುಟ ತಿರುವಿಬಿಡುವನು. ಆರ್ಮಾದವರಿಗೂ ದೂರ ಹೋದ ತಮ್ಮವನೊಬ್ಬನ ಕಥೆಯ ಉಳಿದರ್ಧವು ದೊರೆಯುವುದು ಅರ್ಕಾವತಿಯ ದಡದಲ್ಲಿಯೇ. ಊರಿನ ಹೆಸರನ್ನು ಪ್ರೀತಿಯಿಂದ ಉಳಿಸಿಕೊಳ್ಳುವ ಜನರೇ ಅದರ ಹಳೆಯ ಹೆಸರುಗಳ ಲೆಕ್ಕವನ್ನೂ ಇಡಬೇಕಾದವರು.