ವಿದುರಾಶ್ವತ್ಥದ ಜಾತ್ರೆ ಮತ್ತು ಒಂದು ಹಳೇ ಅನುಮಾನ

ಮೊನ್ನೆ ಊರಿಗೆ ಹೋದವನು ಗೌರಿಬಿದನೂರಿನಿಂದ ಹಾಗೇ ವಿದುರಾಶ್ವತ್ಥಕ್ಕೂ ಹೋಗಿ ಬಂದೆ. ನಾಗರಕಲ್ಲುಗಳು, ಹುತಾತ್ಮರ ಸ್ಮಾರಕ.. ಎಲ್ಲಾ ಚಿಕ್ಕಂದಿನಿಂದ ನೋಡಿದ್ದೇ. 'ದಕ್ಷಿಣದ ಜಲಿಯನ್‌ವಾಲಾ ಬಾಗ್' ಅಂತ ಪರೀಕ್ಷೆಗೆ ಉರು ಹೊಡೆದವನು ನಾನು. ಆದರೆ ಆ ಅಸಲಿ ಜಲಿಯನ್‌ವಾಲಾ ಬಾಗ್‌ನಲ್ಲಿ ಜನ ಯಾವ ಕಾನೂನಿನ ವಿರುದ್ಧ ಸೇರಿದ್ದರು ಅಂತ ಯೋಚಿಸಿದ್ದು ಈಗಲೇ.

ಅದು 1919ರ ರೌಲತ್ ಕಾಯ್ದೆ. ಕ್ರಾಂತಿಕಾರಿಗಳನ್ನು ಹತ್ತಿಕ್ಕಲು ತಂದದ್ದು. ಇಂದಿನ ಮಾತಲ್ಲಿ ಹೇಳಿದರೆ ಭಯೋತ್ಪಾದನೆ ನಿಗ್ರಹ ಕಾಯ್ದೆ. ವಿಚಾರಣೆಯೇ ಇಲ್ಲದೆ ಎರಡು ವರ್ಷ ಕೂಡಿಹಾಕಬಹುದಿತ್ತು. ಏಪ್ರಿಲ್ 13ರಂದು ಗುಂಡೇಟು ತಿಂದವರಲ್ಲಿ ಬರೀ ಬೈಸಾಖಿ ಹಬ್ಬಕ್ಕೆ ಬಂದವರೂ ಇದ್ದರು.

ನಮ್ಮಲ್ಲಿ ಅದು 1938ರ ಏಪ್ರಿಲ್ 25. ಇಲ್ಲಿದ್ದದ್ದು ಅಂಥ ಕಾಯ್ದೆಯಲ್ಲ, ಮೈಸೂರು ಸರ್ಕಾರದ ನಿಷೇಧಾಜ್ಞೆ. ಸಭೆ ಸೇರಬಾರದು, ಕಾಂಗ್ರೆಸ್ ಬಾವುಟ ಹಾರಿಸಬಾರದು. ಜಾತ್ರೆಯ ಸಮಯ, ಸಾವಿರಾರು ಜನ. ಸಭೆ ಸೇರಿತು, ಪೊಲೀಸರು ಗುಂಡು ಹಾರಿಸಿದರು. ಸತ್ತವರು 30ಕ್ಕೂ ಹೆಚ್ಚು ಅಂತ ನಮ್ಮ ಕಡೆ ಹೇಳುತ್ತಾರೆ, ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಮುಂದಿನ ತಿಂಗಳೇ ಪಟೇಲ್-ಮಿರ್ಜಾ ಒಪ್ಪಂದವಾಗಿ ಅದೇ ಬಾವುಟಕ್ಕೆ ಒಪ್ಪಿಗೆ ಸಿಕ್ಕಿತು! ಏಪ್ರಿಲ್‌ನಲ್ಲಿ ಅಪರಾಧವಾಗಿದ್ದು ಮೇ ತಿಂಗಳಲ್ಲಿ ಅಪರಾಧವಲ್ಲ.

ಎರಡೂ ಕಡೆ ಕೆಲವರ ಮೇಲಿದ್ದ ಅನುಮಾನ ಸೇರಿದವರೆಲ್ಲರ ಮೇಲೂ ಬಿತ್ತು.

ಈ ಕಾಲದಲ್ಲಿ ಅನುಮಾನ ಬೀಳೋದು ದುಡ್ಡಿನ ಮೇಲೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಉಗ್ರರಿಗೆ ಹಣ ಹೋಗಬಹುದಾದ ದಾರಿಗಳ ಪಟ್ಟಿಗೆ ಜಗತ್ತಿನಾದ್ಯಂತ ಸೇವಾ ಸಂಸ್ಥೆಗಳೂ ಸೇರಿದವು. ನಮ್ಮ ವಿದೇಶಿ ದೇಣಿಗೆ ಕಾಯ್ದೆ ತುರ್ತು ಪರಿಸ್ಥಿತಿಯ ಕೂಸು, 1976ರದ್ದು. 2010ರಲ್ಲಿ ಹೊಸ ಕಾಯ್ದೆ ಬಂತು, 2020ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿ. ಅಲ್ಲಿಂದ ಮುಂದೆ ವಿದೇಶದ ದೇಣಿಗೆ ಮೊದಲು ದೆಹಲಿಯ ಒಂದೇ ಒಂದು ಸ್ಟೇಟ್ ಬ್ಯಾಂಕ್ ಶಾಖೆಗೆ ಬರಬೇಕು. ಆಡಳಿತದ ಖರ್ಚಿನ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ತನಗೆ ಬಂದ ದೇಣಿಗೆಯನ್ನು ಚಿಂತಾಮಣಿಯದೋ ಶಿಡ್ಲಘಟ್ಟದ್ದೋ ಸಣ್ಣ ಸಂಸ್ಥೆಗೆ ದಾಟಿಸುವಂತಿಲ್ಲ.

2021ರ ಕೋವಿಡ್ ಎರಡನೇ ಅಲೆ ನೆನಪಿದೆಯಲ್ಲ? ಆಮ್ಲಜನಕಕ್ಕೆ ಜನ ಪರದಾಡುವಾಗ ಎಷ್ಟೋ ಸಂಸ್ಥೆಗಳ ದೆಹಲಿ ಖಾತೆಯೇ ಇನ್ನೂ ಸಿದ್ಧವಾಗಿರಲಿಲ್ಲ. ಮೇ ತಿಂಗಳಲ್ಲಿ ಸರ್ಕಾರವೇ ಗಡುವನ್ನು ಜೂನ್ 30ಕ್ಕೆ ಮುಂದೂಡಿತು.

ಉಗ್ರರ ಹಣ ತಡೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ವೈರಸ್‌ಗೆ ಹೆದರಿ ಇಡೀ ಆಫೀಸಿನ ನೆಟ್‌ವರ್ಕ್ ಕಿತ್ತು ಹಾಕಿದರೆ ನಮ್ಮ ಮ್ಯಾನೇಜರ್ ಸುಮ್ಮನಿರುತ್ತಾರಾ? ತಪ್ಪಿತಸ್ಥನನ್ನು ಹುಡುಕೋದು ಕಷ್ಟದ ಕೆಲಸ, ಎಲ್ಲರನ್ನೂ ತಡೆಯೋದು ಸುಲಭ. ಆ ಸುಲಭದ ಬೆಲೆ ತೆತ್ತವರಲ್ಲಿ ಜಾತ್ರೆಗೆ ಬಂದವರೂ ಇದ್ದರು ಅನ್ನೋದು ನಮ್ಮೂರಿನವರಿಗೆ ಮರೆಯಬಾರದು.