ಹಣ್ಣಿನ ಗಾಯ ಮತ್ತು ಗಿಡದ ತೈಲ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಕಿತ್ತಳೆ ಬೆಳೆಗಾರರು ದೊಡ್ಡ ಸಂಕಟಕ್ಕೆ ಸಿಲುಕಿದ್ದರು. ತೋಟದಲ್ಲಿ ನಿರ್ದೋಷವಾಗಿ ಕಾಣುತ್ತಿದ್ದ ಹಣ್ಣು, ರೈಲಿನಲ್ಲಿ ದೂರದ ಪೇಟೆಗಳನ್ನು ಮುಟ್ಟುವಷ್ಟರಲ್ಲಿ ಬೂಷ್ಟು ಹಿಡಿದು ಕೊಳೆತಿರುತ್ತಿತ್ತು. ಹವೆಯನ್ನೋ ರೈಲನ್ನೋ ದೂಷಿಸುವುದು ಸುಲಭವಾಗಿತ್ತು. ಅಲ್ಲಿನ ಕೃಷಿ ಇಲಾಖೆಯ ಜಿ. ಹೆರಾಲ್ಡ್ ಪೊವೆಲ್ ಮತ್ತು ಸಂಗಡಿಗರು ಕೆಲವು ವರ್ಷಗಳ ಕಾಲ ತೋಟದಿಂದ ಪೇಟೆಯವರೆಗೆ ಹಣ್ಣನ್ನು ಹಿಂಬಾಲಿಸಿ ಪರೀಕ್ಷಿಸಿದರು. 1908ರಲ್ಲಿ ಪ್ರಕಟವಾದ ಅವರ ವರದಿ ದೋಷದ ಮೂಲವನ್ನು ಮನುಷ್ಯನ ಕೈಯಲ್ಲಿಯೇ ತೋರಿಸಿತು. ಕೊಯ್ಯುವ ಕತ್ತರಿಯ ಮೊನೆ, ಕೆಲಸಗಾರನ ಉಗುರು, ಉದ್ದವಾಗಿ ಉಳಿದ ತೊಟ್ಟು, ಪೆಟ್ಟಿಗೆಯ ತಳದ ಕಲ್ಲುಹರಳು ಇವು ಸಿಪ್ಪೆಯ ಮೇಲೆ ಮಾಡುವ ಸೂಕ್ಷ್ಮ ಗಾಯಗಳೇ ಕೊಳೆತದ ಬಾಗಿಲುಗಳಾಗಿದ್ದವು. ಜಾಗರೂಕತೆಯಿಂದ ಕೊಯ್ದು ಇಟ್ಟ ಹಣ್ಣಿನಲ್ಲಿ ಕೊಳೆತ ಬಹಳ ಕಡಿಮೆಯಾಗಿತ್ತು.

ಕಿತ್ತಳೆಯನ್ನು ಕೆಡಿಸುವ ಹಸಿರು ಬೂಷ್ಟು ಮತ್ತು ನೀಲಿ ಬೂಷ್ಟು ಪೆನಿಸಿಲಿಯಂ ಕುಲದ ಎರಡು ಶಿಲೀಂಧ್ರಗಳು. ಇವುಗಳ ಬೀಜಾಣುಗಳು ತೋಟದಲ್ಲಿ, ಉಗ್ರಾಣದಲ್ಲಿ, ಗಾಳಿಯಲ್ಲಿ ಎಲ್ಲೆಲ್ಲಿಯೂ ಇರುತ್ತವೆ. ಸಿಪ್ಪೆ ಅಖಂಡವಾಗಿರುವವರೆಗೆ ಹಸಿರು ಬೂಷ್ಟಿಗೆ ಒಳಪ್ರವೇಶವಿಲ್ಲವೆಂದೇ ಹೇಳಬಹುದು. ಗಾಯವಾದೊಡನೆ ಅಲ್ಲಿ ಒಸರುವ ರಸವೇ ಬೀಜಾಣುವಿಗೆ ಆಹಾರವಾಗುತ್ತದೆ.

ಆದರೆ ಎಚ್ಚರಿಕೆಯ ಮಾರ್ಗ ಶ್ರಮದ್ದು, ಔಷಧದ ಮಾರ್ಗ ಸುಲಭದ್ದು. 1920ರ ದಶಕದಲ್ಲಿ ಕ್ಯಾಲಿಫೋರ್ನಿಯದಲ್ಲಿ ಹಣ್ಣನ್ನು ಬೋರಾಕ್ಸ್ ದ್ರಾವಣದಲ್ಲಿ ತೊಳೆಯುವ ಪದ್ಧತಿ ಬಂದಿತು. 1960ರ ದಶಕದಲ್ಲಿ ಥಯಾಬೆಂಡಜೋಲ್, ಬೆನೊಮಿಲ್ ಮೊದಲಾದ ಪ್ರಬಲ ಶಿಲೀಂಧ್ರನಾಶಕಗಳು ಬಂದವು. ಅವು ಶಿಲೀಂಧ್ರದ ಜೀವಕೋಶದ ಒಂದೇ ಒಂದು ಸ್ಥಾನದ ಮೇಲೆ ಎರಗುವಂಥವು. ಆ ಸ್ಥಾನ ಅಲ್ಪಸ್ವಲ್ಪ ಮಾರ್ಪಟ್ಟರೂ ಔಷಧ ವ್ಯರ್ಥ. ಹೀಗಾಗಿ ಕೆಲವೇ ವರ್ಷಗಳಲ್ಲಿ ಅವುಗಳಿಗೆ ಬಗ್ಗದ ಬೂಷ್ಟುಗಳು ಕಾಣಿಸಿಕೊಂಡವು. ಆಹಾರದಲ್ಲಿ ಉಳಿಯುವ ಶಿಲೀಂಧ್ರನಾಶಕಗಳ ಅಂಶದಿಂದ ಅರ್ಬುದರೋಗ ಬರಬಹುದೆಂಬ ಆತಂಕವನ್ನು 1987ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯ ವರದಿಯೂ ಮುಂದಿಟ್ಟಿತು.

ಆಗ ವಿಜ್ಞಾನಿಗಳ ದೃಷ್ಟಿ ಸುಗಂಧ ತೈಲಗಳ ಕಡೆಗೆ ಹೆಚ್ಚಾಗಿ ಹರಿಯಿತು. ಈ ತೈಲಗಳ ಶಕ್ತಿ ಹಳೆಯ ಅರಿವೇ. 1887ರಲ್ಲಿಯೇ ಫ್ರಾನ್ಸಿನ ಷಾರ್ಲ್ ಷಾಂಬರ್ಲಾಂ ಲವಂಗ, ದಾಲ್ಚಿನ್ನಿ ಮೊದಲಾದವುಗಳ ತೈಲಗಳು ರೋಗಾಣುಗಳನ್ನು ತಡೆಯುವುದನ್ನು ಪ್ರಯೋಗದಿಂದ ತೋರಿಸಿದ್ದನು. ಓಮದಲ್ಲಿರುವ ಥೈಮಾಲ್, ಲವಂಗದಲ್ಲಿರುವ ಯೂಜೆನಾಲ್ ಮೊದಲಾದವು ಶಿಲೀಂಧ್ರದ ಕೋಶಪೊರೆಯನ್ನು ಶಿಥಿಲಗೊಳಿಸುತ್ತವೆ. ಒಳಗಿನ ಸತ್ವ ಹೊರಗೆ ಸೋರಿಹೋಗುತ್ತದೆ. ತೈಲದ ಆವಿ ಪೆಟ್ಟಿಗೆಯ ಮೂಲೆಮೂಲೆಗೂ ಹರಡಬಲ್ಲದು. ಈ ಕ್ಷೇತ್ರದಲ್ಲಿ ಭಾರತೀಯರ ಪಾಲು ಗಣನೀಯವಾದುದು. ಗೋರಖ್‌ಪುರ ವಿಶ್ವವಿದ್ಯಾಲಯದ ಎಸ್. ಎನ್. ದೀಕ್ಷಿತ್ ಮತ್ತು ಸಹೋದ್ಯೋಗಿಗಳು ಅಜೆರೇಟಮ್ ಕೋನಿಜಾಯ್ಡೀಸ್ ಎಂಬ ಸಾಮಾನ್ಯ ಕಳೆಗಿಡದ ತೈಲದಿಂದ ಕಿತ್ತಳೆಯ ನೀಲಿ ಬೂಷ್ಟನ್ನು ತಡೆದು, ಹಣ್ಣಿನ ಬಾಳಿಕೆಯನ್ನು 30 ದಿನಗಳವರೆಗೆ ಹೆಚ್ಚಿಸಬಹುದೆಂದು 1995ರಲ್ಲಿ ವರದಿ ಮಾಡಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎನ್. ಕೆ. ದುಬೆ ಮತ್ತು ಸಂಗಡಿಗರು ತುಳಸಿ, ಶುಂಠಿ ಮೊದಲಾದವುಗಳ ತೈಲಗಳಿಂದ ದ್ರಾಕ್ಷಿಯ ಬೂದು ಬೂಷ್ಟನ್ನು ತಡೆಯುವ ಪ್ರಯೋಗ ನಡೆಸಿದರು.

ಇಷ್ಟಾದರೂ ಗಿಡದಿಂದ ಬಂದದ್ದೆಲ್ಲವೂ ಸೌಮ್ಯವೆಂದು ತಿಳಿಯುವುದು ಸಲ್ಲದು. ಪ್ರಮಾಣ ಮೀರಿದರೆ ಈ ತೈಲಗಳು ಹಣ್ಣಿನ ಸಿಪ್ಪೆಯನ್ನೇ ಸುಡುತ್ತವೆ, ರುಚಿ ವಾಸನೆಗಳನ್ನು ಕೆಡಿಸುತ್ತವೆ. ಬೇಗನೆ ಆವಿಯಾಗುವುದರಿಂದ ಅವುಗಳ ಪ್ರಭಾವ ದೀರ್ಘಕಾಲ ನಿಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ಬೋರಾಕ್ಸ್ ಮಾಡುವ ಕೆಲಸವನ್ನೇ ತುಳಸಿಯ ತೈಲವೂ ಮಾಡುತ್ತದೆ. ಬೂಷ್ಟೂ ಒಂದು ಜೀವರಾಶಿ. ಅದನ್ನು ಅಳಿಸುವ ಸಾಧನ ಸುಗಂಧಮಯವಾಗಿದೆ ಎಂಬ ಕಾರಣಕ್ಕೆ ಕ್ರಿಯೆಯ ಸ್ವರೂಪ ಬದಲಾಗದು.

ಆದ್ದರಿಂದಲೇ 1908ರ ವರದಿ ಇಂದಿಗೂ ಮನನೀಯ. ಪ್ರಮಾದವೇ ಹಿಂಸೆಯ ಮೂಲವೆಂಬುದು ಶ್ರಾವಕರ ಮನೆಗಳಿಗೆ ಹೊಸ ಮಾತಲ್ಲ. ಕೊಯ್ಯುವ ಕೈಯ ಪ್ರಮಾದ ಹಣ್ಣನ್ನು ಗಾಯಗೊಳಿಸುತ್ತದೆ. ಗಾಯ ಬೂಷ್ಟನ್ನು ಬೆಳೆಸುತ್ತದೆ. ಬೆಳೆದುದನ್ನು ಕೊಲ್ಲಲು ಔಷಧ ಬೇಕಾಗುತ್ತದೆ. ಮೊದಲ ಕೊಂಡಿಯಲ್ಲಿಯೇ ಯತ್ನಾಚಾರವಿದ್ದರೆ ಉಳಿದವುಗಳಿಗೆ ಆಸ್ಪದ ಕಡಿಮೆ. ಹಣ್ಣಿನ ಬುಟ್ಟಿಯನ್ನು ಮೆಲ್ಲನೆ ಇಳಿಸುವುದು, ಗಾಯವಾದುದನ್ನು ಬೇರ್ಪಡಿಸಿ ಮೊದಲೇ ಉಪಯೋಗಿಸುವುದು, ಉಗ್ರಾಣವನ್ನು ತಂಪಾಗಿ ಶುಚಿಯಾಗಿ ಇಡುವುದು ಮನೆಯಲ್ಲಾಗಲಿ ಬಸದಿಯಲ್ಲಾಗಲಿ ಎಲ್ಲರಿಗೂ ಸಾಧ್ಯ. ತೈಲದ ಸೀಸೆಗೆ ಕೈಹಾಕುವ ಮೊದಲು ಮಾಡಬೇಕಾದ ಕೆಲಸ ಇದು.